ಹಿಂದಕ್ಕೆ ತಿರುಗಿಸಿದ ತಾರೀಖು

“ಶನಿವಾರ ಗಿರಾಕಿಗಳು ಬರ್ತಾರ, ಎಂಜಿನ್ ಪರಿಚಯ ಗೌತಮಿನೇ ಮಾಡ್ಲಿ. ಯಶವಂತ, ನೀವು ಚಹಾ, ಖುರ್ಚಿ ನೋಡ್ಕೋರಿ,” ಎಂದರು ಮಾಲೀಕ ಆನಂದಕುಮಾರ. ಯಶವಂತ “ಆಯ್ತ್ರಿ ಸರ್” ಎಂದ. ಕಲಬುರಗಿಯ ಸೇಡಂ ರಸ್ತೆಯ ಆ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಪ್ರೋಗ್ರಾಂ ಬರೆಯುತ್ತಿದ್ದವನು ಅವನು. ಗೌತಮಿ ಬಂದು ಇನ್ನೂ ಮೂರು ವರ್ಷವಾಗಿರಲಿಲ್ಲ, ಕೆಲಸ ಕಲಿಸಿದವನೂ ಅವನೇ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಜೋಮು ಹಿಡಿದ ಕಾಲಿನಂತೆ ಎದೆ ಸುಮ್ಮನೆ ಬಿದ್ದಿತ್ತು. ಶನಿವಾರ ಆ ಗಿರಾಕಿಗಳ ಮುಂದೆ ತಾನು ನಿಲ್ಲಬೇಕು, ಅಷ್ಟೇ.

ಅವಳು ಕಟ್ಟಿದ್ದು ಆ್ಯಪ್ ಬರೆಯುವವರಿಗಾಗಿ ಒಂದು ಪುಟ್ಟ ಡೇಟಾಬೇಸ್ ಎಂಜಿನ್. ಸರ್ವರ್ ಬೇಡ, ನೆಟ್ ಬೇಡ. ಆ್ಯಪಿನೊಳಗೇ ಕೂತು ಇಡೀ ಮಾಹಿತಿಯನ್ನು ಒಂದೇ ಫೈಲಿನಲ್ಲಿ ಜೋಪಾನ ಮಾಡುತ್ತಿತ್ತು. ಬರೆಯುವಾಗ ಕರೆಂಟ್ ಹೋದರೂ ಏನೂ ಅರ್ಧಂಬರ್ಧ ಉಳಿಯುತ್ತಿರಲಿಲ್ಲ. ಕಮಲಾಪುರದಿಂದ ಬರುವ ಬಸ್ಸಿನಲ್ಲಿ, ಸಿಗ್ನಲ್ ಸಿಗದ ಕಡೆ, ಅವಳು ಅದನ್ನು ನೂರು ಸಲ ಪರೀಕ್ಷಿಸಿದ್ದಳು. ಹಾಳಾದ್ದು, ನಿಜಕ್ಕೂ ಚೆನ್ನಾಗಿತ್ತು.

ಯಶವಂತ ಅವಸರ ಮಾಡಲಿಲ್ಲ. ಊಟದ ಹೊತ್ತಿನಲ್ಲಿ ಅವಳ ಫೋಲ್ಡರನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡ. ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ತನ್ನ ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಅದರ ತಾರೀಖನ್ನು ೨೦೧೭ಕ್ಕೆ ತಿರುಗಿಸಿದ. ಆಗ ಗೌತಮಿ ಹತ್ತನೇ ತರಗತಿಯ ಹುಡುಗಿ. ಇದನ್ನು ಬರೆದಿದ್ದಾಳೆಂದರೆ ಯಾರು ನಂಬುತ್ತಾರೆ? ಒಂದೊಂದು ಫೈಲಿಗೂ ತಾರೀಖನ್ನು ಒಂದೊಂದು ದಿನ ಮುಂದೆ ಸರಿಸಿದ. ಅವಳ ಹೆಸರಿದ್ದಲ್ಲೆಲ್ಲ ತನ್ನ ಹೆಸರು ಕೂರಿಸಿದ. ಆ ವರ್ಷದ ಪಂಚಾಂಗ ಹುಡುಕಿ, ದೀಪಾವಳಿಯ ಮೂರು ದಿನ ಖಾಲಿ ಬಿಟ್ಟ. ಹಬ್ಬ ಬಿಟ್ಟು ಯಾರು ಕೆಲಸ ಮಾಡುತ್ತಾರೆ! ಇಷ್ಟು ಅಚ್ಚುಕಟ್ಟಾಗಿ ಅವನು ಆಫೀಸಿನ ಕೆಲಸವನ್ನೂ ಮಾಡಿರಲಿಲ್ಲ.

ಶನಿವಾರ ಬೆಳಿಗ್ಗೆ, ಜನ ಬರುವ ಮೊದಲೇ, ಗೌತಮಿಯ ಎದುರಿಗೇ ಆ ಕಂಪ್ಯೂಟರನ್ನು ತಂದು ಆನಂದಕುಮಾರರ ಮುಂದಿಟ್ಟ.

“ಇಕಿ ಕದ್ದಾಳ್ರಿ ಸರ್. ಕಲಿಸೋವಾಗ ನಾನೇ ತೋರ್ಸಿದ್ದೆ. ನೋಡ್ರಿ, ಎಲ್ಲಾ ೨೦೧೭ರದ್ದು.”

ತಾರೀಖುಗಳನ್ನು ನೋಡುತ್ತ ನೋಡುತ್ತ ಆನಂದಕುಮಾರರ ಮುಖ ಗಂಟಿಕ್ಕಿತು. “ಗೌತಮಿ, ಇದು ಖರೇ ಇದ್ರ ನಾಳಿಂದ ಬರಬ್ಯಾಡ,” ಎಂದರು. ಅವಳ ಕಣ್ಣು ತುಂಬಿ ಬಂತು. ಎರಡು ವರ್ಷದ ದುಡಿಮೆ ಹೋಗಿ, ಮೇಲೆ ಕಳ್ಳಿ ಎಂಬ ಹೆಸರು. ಯಶವಂತನಿಗೆ ಏನೂ ಅನಿಸಲಿಲ್ಲ.

ಗೌತಮಿ ಕಣ್ಣೊರೆಸಿಕೊಂಡು ಅವನ ಕಂಪ್ಯೂಟರಿನ ಮುಂದೆ ಕೂತಳು. ೨೦೧೭ರ ಜೂನ್ ತಿಂಗಳ ಮೊದಲ ಫೈಲು ತೆರೆದು, ಎಂಜಿನ್ ಬಳಸುವವರಿಗೆ ತೋರಿಸಲೆಂದು ತಾನು ಬರೆದಿದ್ದ ಮಾದರಿ ಸಾಲನ್ನು ಗಟ್ಟಿಯಾಗಿ ಓದಿದಳು: “ಊರು ಕಮಲಾಪುರ, ಜಿಲ್ಲೆ ಕಲಬುರಗಿ, ಪ್ರದೇಶ ಕಲ್ಯಾಣ ಕರ್ನಾಟಕ.” ಆ ಸಾಲನ್ನು ಯಶವಂತನೂ ಹತ್ತು ಸಲ ಓದಿದ್ದ. ದಿನಾ ಬಾಯಲ್ಲಿರುವ ಮಾತು, ಕಣ್ಣಿಗೆ ಬಿದ್ದಿರಲೇ ಇಲ್ಲ. ಆನಂದಕುಮಾರ ಕನ್ನಡಕ ತೆಗೆದು ಅವನನ್ನೇ ನೋಡಿದರು. “ಯಶವಂತ, ಕಲ್ಯಾಣ ಅಂತ ಹೆಸರು ಬಂದಿದ್ದು ಹತ್ತೊಂಬತ್ತರಾಗ. ಹದಿನೇಳರಾಗ ನಾವೆಲ್ಲಾ ಹೈದರಾಬಾದ್ ಕರ್ನಾಟಕದವ್ರು ಇದ್ದಿವಲ್ಲೇನ್ರಿ?”