ಮಂಜುಗಡ್ಡೆಯ ಮೇಲಿನ ನಾಣ್ಯ

ನಡುರಾತ್ರಿ ದಾಟಿದ ಮೇಲೆ ಕೆಳಗಡೆ ‘ಟಕ್’ ಎಂದು ಒಂದು ಸಣ್ಣ ಸದ್ದಾಯಿತು. ಆಮೇಲೆ ಎಲ್ಲ ನಿಶ್ಶಬ್ದ. ಹೋಟೆಲಿನ ಒಡತಿಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಆ ನಿಶ್ಶಬ್ದದಿಂದ. ಅಡುಗೆಮನೆಯ ದೊಡ್ಡ ಫ್ರಿಜ್ಜಿನ ಗುಂಯ್ ಎಂಬ ಸದ್ದು ಮಹಡಿಯ ಮೇಲಿನ ಅವಳ ಕೋಣೆಗೆ ಸದಾ ಕೇಳುತ್ತಿತ್ತು, ಈಗ ನಿಂತಿತ್ತು. ಇಳಿದು ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಬೆಳಗ್ಗೆ ನೋಡಿದರೆ ಫ್ರಿಜ್ ಎಂದಿನಂತೆ ಓಡುತ್ತಿತ್ತು.

ಸೋಮವಾರ ಒಂಬತ್ತೂವರೆಗೆ ಅವಳು ಠಾಣೆಯಲ್ಲಿದ್ದಳು.

“ಫ್ರಿಜ್ ನಿಂತ್ರೆ ರಿಪೇರಿಯವನನ್ನ ಕರೀಬೇಕಮ್ಮ, ಪೊಲೀಸರನ್ನಲ್ಲ,” ಎಂದರು ಹೆಡ್ ಕಾನ್‌ಸ್ಟೆಬಲ್, ಚಹಾದ ಲೋಟ ಕೆಳಗಿಡದೆ.

ಅವಳು ಆಹಾರ ಸುರಕ್ಷತಾ ಇಲಾಖೆಯ ಎರಡು ನೋಟಿಸುಗಳನ್ನು ಮೇಜಿನ ಮೇಲಿಟ್ಟಳು. ಇನ್ಸ್‌ಪೆಕ್ಟರ್ ಓದಿ ತಲೆಯೆತ್ತಿದರು.

“ಯಾರಿಗೆ ಹುಷಾರು ತಪ್ಪಿದ್ದು?”

“ಮೊದಲ ಸಲ ಗಂಡ ಹೆಂಡತಿ ಇಬ್ಬರಿಗೆ ಸಾರ್. ಹೋದ ವಾರ ಒಂದು ಮಗುಗೆ. ಈಗ ಆಸ್ಪತ್ರೆಯಿಂದ ಮನೆಗೆ ಬಂದಿದೆ.”

“ಅಧಿಕಾರಿ ಏನಂತಾರೆ?”

“ಮಾಂಸ ರಾತ್ರಿಯೆಲ್ಲ ಬೆಚ್ಚಗಿದ್ದು ಕೆಟ್ಟಿದೆ ಅಂತಾರೆ. ನಾನು ದಿನಾ ಬೆಳಗ್ಗೆ ಫ್ರಿಜ್ಜಿನ ಉಷ್ಣಾಂಶ ನೋಡಿ ಬರೀತೀನಿ, ಸರಿಯಾಗೇ ಇರುತ್ತೆ. ಹಾಗಾದ್ರೆ ನೀವು ಬರೆದಿದ್ದೇ ಸುಳ್ಳು ಅಂತಾರೆ.” ಅವಳು ಎರಡನೇ ನೋಟಿಸಿನ ಮೇಲೆ ಬೆರಳಿಟ್ಟಳು. “ಶುಕ್ರವಾರ ಮತ್ತೆ ತಪಾಸಣೆ. ಈ ಸಲ ತಪ್ಪು ಸಿಕ್ಕಿದ್ರೆ ಪರವಾನಗಿ ರದ್ದು. ಊರಿಗೆಲ್ಲ ವಿಷ ಬಡಿಸಿ ಸುಳ್ಳು ಬರೆದವಳು ಅನ್ನಿಸ್ಕೊಂಡು ನಾನು ಹೇಗೆ ತಲೆ ಎತ್ತಲಿ?”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿದರು. ಆರೋಪಿ: ಅಪರಿಚಿತ ವ್ಯಕ್ತಿ.

ಅದೇ ಮಧ್ಯಾಹ್ನ ಪೊಲೀಸರು ಮಫ್ತಿಯಲ್ಲಿ ಬಂದು ಸ್ಥಳ ಪಂಚನಾಮೆ ಮಾಡಿದರು. ಉಕ್ಕಿನ ಮೇಜು, ತಿಕ್ಕಿ ತಿಕ್ಕಿ ಬಿಳುಪಾದ ಮೋರಿಯ ಜಾಲರಿ, ಹಸಿ ಮಾಂಸಕ್ಕೊಂದು ತರಕಾರಿಗೊಂದು ಬೇರೆ ಬೇರೆ ಬಣ್ಣದ ಹಲಗೆ. “ನಮ್ಮನೆ ಅಡುಗೆಮನೆ ಇವರ ಕಣ್ಣಿಗೆ ಬೀಳದಿರಲಿ,” ಎಂದು ಮಹಿಳಾ ಕಾನ್‌ಸ್ಟೆಬಲ್ ಗೊಣಗಿದಳು. ರಿಪೇರಿಯವನು ದೊಡ್ಡ ಫ್ರಿಜ್ಜನ್ನು ಬಿಚ್ಚಿ ನೋಡಿ, ಯಂತ್ರದಲ್ಲಿ ದೋಷವಿಲ್ಲವೆಂದು ಸಹಿ ಹಾಕಿದ.

ಇನ್ಸ್‌ಪೆಕ್ಟರ್ ಎರಡು ಬಟ್ಟಲಲ್ಲಿ ನೀರು ತರಿಸಿದರು. ಒಂದನ್ನು ಮಾಂಸದ ಫ್ರಿಜ್ಜಿನ ಫ್ರೀಜರಿನಲ್ಲಿ, ಇನ್ನೊಂದನ್ನು ಪಕ್ಕದ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಇಡಿಸಿದರು. ಸಂಜೆ ನೀರು ಗಟ್ಟಿಯಾದ ಮೇಲೆ ತಾವೇ ಬಂದು ಎರಡರ ಮೇಲೂ ಒಂದೊಂದು ನಾಣ್ಯ ಇಟ್ಟರು.

“ಇದೇನ್ ಸಾರ್, ಹರಕೆನಾ?” ಹೆಡ್ ಕಾನ್‌ಸ್ಟೆಬಲ್ ಕೇಳಿದರು.

“ನನ್ನ ಹೆಂಡತಿ ತವರಿಗೆ ಹೋಗುವಾಗ ಹೀಗೆ ಮಾಡ್ತಾಳೆ ಕಣ್ರೀ. ಕರೆಂಟ್ ಹೋಗಿ ಐಸ್ ಕರಗಿದ್ರೆ ನಾಣ್ಯ ಮುಳುಗುತ್ತೆ. ಮತ್ತೆ ಕರೆಂಟ್ ಬಂದ್ರೂ ಮೇಲಕ್ಕೆ ಬರಲ್ಲ.” ಒಡತಿಯ ಕಡೆ ತಿರುಗಿದರು. “ಮನೇಲಿ ಯಾರಿಗೂ ಹೇಳ್ಬೇಡಿ. ಕೇಳಿದ್ರೆ ಫ್ರಿಜ್ ರಿಪೇರಿ ಅನ್ನಿ.”

ದಿನಾ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಬೀದಿಯ ಷಟರಿಗೆ ಹೊರಗಿನಿಂದ ಒಂದು ಕಪ್ಪು ದಾರ ಅಂಟಿಸಲು ಹೆಡ್ ಕಾನ್‌ಸ್ಟೆಬಲ್‌ಗೆ ಹೇಳಿ ಹೋದರು.

ಮಂಗಳವಾರ ಎರಡೂ ನಾಣ್ಯ ಮೇಲೆಯೇ ಇದ್ದವು. ಬುಧವಾರ ಬೆಳಗ್ಗೆ ಐಸ್‌ಕ್ರೀಮ್ ಪೆಟ್ಟಿಗೆಯ ನಾಣ್ಯ ಇಟ್ಟಲ್ಲೇ ಇತ್ತು. ಮಾಂಸದ ಫ್ರಿಜ್ಜಿನದು ಬಟ್ಟಲಿನ ತಳದಲ್ಲಿ ಮಂಜುಗಡ್ಡೆಯೊಳಗೆ ಹುದುಗಿತ್ತು. ಬರೀ ಕರೆಂಟ್ ಹೋಗಿದ್ದರೆ ಎರಡೂ ಮುಳುಗಬೇಕಿತ್ತು. ಒಡತಿಗೆ ಅಳು ನಗು ಎರಡೂ ಬಂದವು. ಅವಳು ಬರೆದದ್ದು ಸುಳ್ಳಾಗಿರಲಿಲ್ಲ! ರಾತ್ರಿ ಯಾರೋ ಆರಿಸಿ, ಬಾಗಿಲು ತೆರೆದಿಟ್ಟು, ಬೆಳಗಾಗುವ ಮೊದಲೇ ಮತ್ತೆ ಹಾಕುತ್ತಿದ್ದರು. ಅವಳು ನೋಡುವ ಹೊತ್ತಿಗೆ ಎಲ್ಲ ತಣ್ಣಗಾಗಿರುತ್ತಿತ್ತು.

ಷಟರಿನ ದಾರ ಮಾತ್ರ ಹರಿದಿರಲಿಲ್ಲ, ಹಿತ್ತಲ ಬಾಗಿಲಿನ ಚಿಲಕವೂ ಒಳಗಿನಿಂದ ಹಾಕಿದಂತೆಯೇ ಇತ್ತು. ಒಳಗೆ ಬರಲು ಉಳಿದದ್ದು ಒಂದೇ ದಾರಿ, ಮಹಡಿಯ ಮೆಟ್ಟಿಲು.

“ಮೇಲೆ ಯಾರ್ಯಾರು ಇರ್ತೀರಿ?”

“ನಾನು, ನಮ್ಮೆಜಮಾನ್ರು, ಅತ್ತೆ, ಭಾವ.”

“ಹಾಗಾದ್ರೆ ನಾಲ್ವರೇ. ನೀವೂ ಸೇರಿ.”

“ನನ್ನ ಹೋಟೆಲನ್ನ ನಾನೇ ಹಾಳು ಮಾಡ್ಕೊಳ್ತೀನಾ ಸಾರ್?”

“ನಿಮಗಿಂತ ಮುಂಚೆ ಇದನ್ನ ಯಾರು ನಡೆಸ್ತಿದ್ರು?”

“ಭಾವ.” ಉತ್ತರ ಕೊಟ್ಟ ಮೇಲೆ ಅವಳ ಮುಖ ಬಿಳುಚಿತು. “ತಪಾಸಣೇಲಿ ಫೇಲಾಗಿ ಮುಚ್ಚಿದ್ರು. ಪಾತ್ರೆಗಳನ್ನ ಮುಚ್ಚಿಟ್ಟಿಲ್ಲ, ಜಿರಲೆ ಬಿದ್ದಿದೆ ಅಂತ. ಆದ್ರೆ ಅವರು ಅಂಥವರಲ್ಲ ಸಾರ್. ನನಗೆ ಒಲೆ ಹಚ್ಚೋದು ಕಲಿಸಿದ್ದೇ ಅವರು.”

ಗುರುವಾರ ರಾತ್ರಿ ಮಹಿಳಾ ಕಾನ್‌ಸ್ಟೆಬಲ್ ಉಗ್ರಾಣದಲ್ಲಿ ಈರುಳ್ಳಿ ಮೂಟೆಗಳ ನಡುವೆ ಕೂತಳು. ಬಾಗಿಲಿನ ಸಂದಿಯಿಂದ ಸ್ವಿಚ್ಚಿನ ಗೋಡೆ ಮಾತ್ರ ಕಾಣುತ್ತಿತ್ತು. ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೆಬಲ್ ಹಿತ್ತಲಲ್ಲಿದ್ದರು. ಒಡತಿ ಅವಸರದಲ್ಲಿ ಕೆಲಸ ಮುಗಿಸಿ, ಹಿತ್ತಲ ಬಾಗಿಲಿನ ಚಿಲಕ ಹಾಕದೆ ಮೇಲೆ ಹೋದಳು.

ಮೆಟ್ಟಿಲ ಮೇಲೆ ಬರಿಗಾಲಿನ ಹೆಜ್ಜೆ ಕೇಳಿತು. ಕತ್ತಲಲ್ಲಿ ಯಾರೋ ಅಡುಗೆಮನೆ ದಾಟಿದರು. ‘ಟಣ್’ ಎಂದು ಎಲ್ಲೋ ಲೋಹದ ಸದ್ದು. ಕೊಂಚ ಹೊತ್ತಿನ ಮೇಲೆ ಗೋಡೆಯ ಹತ್ತಿರ ಒಂದು ಕೈ ಕಂಡಿತು. ‘ಟಕ್.’

ಟಾರ್ಚ್ ಹೊತ್ತಿತು. ಫ್ರಿಜ್ಜಿನ ಬಾಗಿಲು ಹಿಡಿದು ಭಾವ ನಿಂತಿದ್ದರು.

“ಇದರ ಗಲಾಟೆಗೆ ನಿದ್ದೆ ಬರಲ್ಲ ಸಾರ್. ಅದಕ್ಕೇ ಆರಿಸ್ದೆ.”

“ಬಾಗಿಲು ತೆರೆದ್ರೆ ನಿದ್ದೆ ಬರುತ್ತಾ?” ಎಂದರು ಇನ್ಸ್‌ಪೆಕ್ಟರ್.

ಭಾವ ಬಾಗಿಲಿನಿಂದ ಕೈ ತೆಗೆದರು.

“ಆ ಮಗು ಸತ್ತೇಹೋಗಿದ್ರೆ?”

ಅವರು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಠಾಣೆಯಲ್ಲಿ ಹೇಳಿಕೆ ಕೊಡುವಾಗ ತಲೆ ಎತ್ತಲಿಲ್ಲ. “ಅದೇ ನಲ್ಲಿ ಸಾರ್, ಅದೇ ಮೋರಿ. ಕಟ್ಟಡವೇ ಸರಿಯಿಲ್ಲ, ಅದಕ್ಕೇ ಮುಚ್ಚಬೇಕಾಯ್ತು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೆ. ಇವಳು ಮೊದಲ ವರ್ಷವೇ ಸ್ವಚ್ಛತೆಗೆ ಇಲಾಖೆ ಕೊಡೋ ಹಸಿರು ಫಲಕ ಬಾಗಿಲಿಗೆ ಹಾಕಿಸಿದ್ಲು. ಹೋಗ್ತಾ ಬರ್ತಾ ಅದನ್ನ ನೋಡ್ಬೇಕಿತ್ತು. ನೋಡಿದಾಗೆಲ್ಲ ಅದು, ಕಟ್ಟಡದ ತಪ್ಪಲ್ಲ, ನಿಂದೇ ಅಂತಿತ್ತು.”

ಇನ್ಸ್‌ಪೆಕ್ಟರ್ ಬಂಧನದ ಹಾಳೆಗೆ ಸಹಿ ಹಾಕಿದರು.

ಶುಕ್ರವಾರ ಹನ್ನೊಂದಕ್ಕೆ ಆಹಾರ ಅಧಿಕಾರಿ ಬಂದರು. ಪಂಚನಾಮೆಯ ಪ್ರತಿ ಓದಿ, ನಾಣ್ಯ ಹುದುಗಿದ್ದ ಬಟ್ಟಲಿನ ಫೋಟೊ ನೋಡಿ, ಅಡುಗೆಮನೆಯ ಮೂಲೆ ಮೂಲೆಗೆ ದೀಪ ಹಿಡಿದು ಹುಡುಕಿದರು. ಕೊನೆಗೆ, “ನಿಮ್ಮನ್ನ ಸುಳ್ಳುಗಾರ್ತಿ ಅಂದಿದ್ದೆ. ತಪ್ಪಾಯ್ತಮ್ಮ,” ಎಂದು ಎಲ್ಲರೆದುರು ಹೇಳಿ ಎರಡೂ ನೋಟಿಸು ಹಿಂಪಡೆದರು. ಮುಚ್ಚದ ಪಾತ್ರೆ ಒಂದೂ ಇಲ್ಲ, ಪೂರ್ಣ ಅಂಕ. ನೋಟಿಸು ಬಂದಾಗ ಇಳಿಸಿದ್ದ ಹಸಿರು ಫಲಕ ಮತ್ತೆ ಬಾಗಿಲೇರಿದಾಗ ಹೊರಗೆ ಕಾದಿದ್ದ ಗಿರಾಕಿಗಳು ಚಪ್ಪಾಳೆ ಹೊಡೆದರು. ಹೆಡ್ ಕಾನ್‌ಸ್ಟೆಬಲ್ ಎಲ್ಲರಿಗಿಂತ ಮೊದಲು ಊಟಕ್ಕೆ ಕೂತರು.

“ಅಕ್ಕ, ಒಂದು ಅರ್ಥವಾಗ್ಲಿಲ್ಲ,” ಎಂದಳು ಮಹಿಳಾ ಕಾನ್‌ಸ್ಟೆಬಲ್. “ಸ್ವಿಚ್ ಆರಿಸೋಕೆ ಮುಂಚೆ ಟಣ್ ಅಂತ ಸದ್ದಾಯ್ತು. ಏನಿರಬಹುದು?”

“ಅಡುಗೆಮನೆ ಅಲ್ವಾ, ಪಾತ್ರೆ ಸದ್ದು,” ಎಂದಳು ಒಡತಿ.

ಅವಳಿಗೆ ಗೊತ್ತಿತ್ತು. ಹಿಂದಿನ ರಾತ್ರಿ ಭಯದಲ್ಲಿ ಅವಳು ಕಾಳು ನೆನೆಹಾಕಿದ ದೊಡ್ಡ ಪಾತ್ರೆಯನ್ನು ತೆರೆದೇ ಬಿಟ್ಟು ಹೋಗಿದ್ದಳು. ಬೆಳಗ್ಗೆ ನೋಡಿದಾಗ ಅದರ ಮೇಲೆ ಯಾರೋ ತಟ್ಟೆ ಬೋರಲು ಹಾಕಿ ಮುಚ್ಚಿದ್ದರು, ತಟ್ಟೆ ಜಾರದಂತೆ ಮೇಲೊಂದು ಸೌಟು. ಹೋಟೆಲ್ ಮುಚ್ಚಿದಂದಿನಿಂದ ಮೇಲಿನ ಮನೆಯಲ್ಲಿ ಭಾವ ನೀರಿನ ಲೋಟವನ್ನೂ ಮುಚ್ಚದೆ ಬಿಟ್ಟವರಲ್ಲ.

ಅವಳು ಫಲಕದ ಗಾಜನ್ನು ಸೆರಗಿನಿಂದ ಒರೆಸಿದಳು. ಇದನ್ನು ಗಂಡನಿಗೂ ಹೇಳುವುದಿಲ್ಲ, ಅತ್ತೆಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ, ಬಡಿಸಲು ಒಳಗೆ ಹೋದಳು.