ಉಚಿತ ಸೀಟು ಬೇಡವೆಂದ ದಿನ

"ಆ ಉಚಿತ ಸೀಟನ್ನೇ ತಗೋ. ದೊಡ್ಡ ವಿಶ್ವವಿದ್ಯಾಲಯ ಬೇಡ!"

ಅವನು ಹಾಗೆಂದಾಗ ಅವಳ ಕೈಯಲ್ಲಿ ಎರಡು ಪತ್ರಗಳಿದ್ದವು.

ಒಂದು, ಮನೆಯಿಂದ ನಡೆದೇ ಹೋಗಬಹುದಾದ ಕಾಲೇಜಿನದು. ಪೂರ್ತಿ ವಿದ್ಯಾರ್ಥಿವೇತನ, ಬಿಡಿಗಾಸೂ ಕಟ್ಟಬೇಕಿರಲಿಲ್ಲ. ಇನ್ನೊಂದು, ರೈಲಿನಲ್ಲಿ ಒಂದು ದಿನದ ದಾರಿಯ ವಿಶ್ವವಿದ್ಯಾಲಯದ್ದು. ಅದರ ಹೆಸರು ಕೇಳಿದರೆ ಜನ ಹುಬ್ಬೇರಿಸುತ್ತಿದ್ದರು. ಶುಲ್ಕ ಕೇಳಿದರೆ ಆ ಹುಬ್ಬು ಕೆಳಗಿಳಿಯುತ್ತಲೇ ಇರಲಿಲ್ಲ!

ಅವನು ಅವಳ ಅಪ್ಪನ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಮಾತು ಕಡಿಮೆ; ಅದಕ್ಕೇ ಅಪ್ಪ ಅವನನ್ನು 'ಮೌನಿ' ಎನ್ನುತ್ತಿದ್ದರು. ಎರಡು ವರ್ಷದಿಂದ ಅವಳು ಪ್ರೀತಿಸಿದ್ದೂ ಆ ಮೌನವನ್ನೇ. ಅಪರೂಪಕ್ಕೆ ಬಾಯಿ ಬಿಟ್ಟವನು ಇಂಥ ಮಾತಾಡಬೇಕೇ?

"ಯಾಕೆ ಬೇಡ?"

"ಕಾರಣ ಕೇಳ್ಬೇಡ. ಇಲ್ಲೇ ಇರು, ಸಾಕು."

"ದೂರ ಹೋದ್ರೆ ಕೈತಪ್ಪಿ ಹೋಗ್ತೀನಿ ಅಂತ ಭಯಾನಾ?"

ಅವನು ಮೇಜಿನ ಮೇಲಿದ್ದ ಗಾಜನ್ನೆತ್ತಿ ಬಟ್ಟೆಯಿಂದ ಒರೆಸತೊಡಗಿದ.

"ನೀನಂತೂ ಅರ್ಧಕ್ಕೇ ಓದು ಬಿಟ್ಟೆ. ಈಗ ನನ್ನನ್ನೂ ಇಲ್ಲೇ ಕೂರಿಸ್ಬೇಕು, ಅಲ್ವಾ?"

ಅಯ್ಯೋ... ಆಡಿದ ಕ್ಷಣವೇ ಅವಳ ನಾಲಿಗೆ ಸುಟ್ಟಂತಾಯಿತು. ಆದರೂ ಹಟಮಾರಿ ಹುಡುಗಿ, 'ತಪ್ಪಾಯ್ತು' ಎನ್ನಲಿಲ್ಲ.

ಒಳಕೋಣೆಯಿಂದ ಅಪ್ಪ ಕೂಗಿದರು. "ಪುಟ್ಟೀ, ದೊಡ್ಡದಕ್ಕೇ ಹೂಂ ಅಂತ ಬರೆದುಬಿಡಮ್ಮ! ಶುಲ್ಕದ ಚಿಂತೆ ನಿಂಗ್ಯಾಕೆ? ನಾನಿಲ್ವಾ?"

ಅವಳು ಬರೆದೇಬಿಟ್ಟಳು. ಹೊರಟ ದಿನ ಮೌನಿ ನಿಲ್ದಾಣಕ್ಕೂ ಬರಲಿಲ್ಲ.

ಐದು ತಿಂಗಳು... ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. 'ಹೋದ್ರೆ ಹೋಗ್ಲಿ, ನನಗೇನು!' ಎಂದುಕೊಂಡೇ ಅವಳು ದಿಂಬು ಒದ್ದೆ ಮಾಡಿಕೊಳ್ಳುತ್ತಿದ್ದಳು.

ರಜೆಗೆ ಬಂದ ಮರುದಿನ ಅವಳು ಅಂಗಡಿಗೆ ಹೋದಳು. ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಮಾಸಿಹೋಗಿತ್ತು. ತಾನು ತಂದಿದ್ದ ಹೊಸದನ್ನು ತೂಗುಹಾಕಿ, ಅಪ್ಪನನ್ನು ಎಳೆದು ತಂದು ಎದುರಿನ ಕುರ್ಚಿಯಲ್ಲಿ ಕೂರಿಸಿದಳು.

"ಓದಿ ನೋಡೋಣ."

ಅಪ್ಪ ಗಡಗಡನೆ ಕೊನೆಯ ಸಾಲಿನವರೆಗೂ ಹೇಳಿದರು. "ರ, ಗ, ಟ, ಪ, ನ, ಸ! ನೋಡಿದ್ಯಾ, ಹದ್ದಿನ ಕಣ್ಣು ನಂದು!"

ಅವಳು ಹೊಸ ಹಲಗೆಯತ್ತ ತಿರುಗಿದಳು; ಅಲ್ಲಿದ್ದ ಅಕ್ಷರಗಳೇ ಬೇರೆ.

ಅದು ಹಳೆಯ ಹಲಗೆಯ ಸಾಲು! ಮೂವತ್ತು ವರ್ಷ ಗಿರಾಕಿಗಳಿಂದ ಓದಿಸಿ ಓದಿಸಿ ಅಪ್ಪನಿಗೆ ಬಾಯಿಪಾಠವಾಗಿತ್ತು. ಎದುರಿಗೆ ಹೊಸದು ತೂಗುತ್ತಿರುವುದೇ ಅವರಿಗೆ ಕಂಡಿರಲಿಲ್ಲ.

"ಅಪ್ಪಾ... ಯಾವಾಗಿಂದ?"

ಅಪ್ಪನ ನಗು ಆರಿಹೋಯಿತು. "ನಿನ್ನ ಪತ್ರಗಳು ಬರೋಕೂ ಮುಂಚಿನಿಂದ ಕಣಮ್ಮ. ಆಪರೇಷನ್‌ಗೆ ಅಂತ ಇಟ್ಟಿದ್ದನ್ನ ನಿನ್ನ ಶುಲ್ಕಕ್ಕೆ ಕಟ್ಟಿದೆ. ಒಂದು ಕಣ್ಣು ಪೂರ್ತಿ ಹೋಯ್ತು. ಇನ್ನೊಂದು ಮಂಜು ಮಂಜು... ಮೌನಿಗೆ ಗೊತ್ತಿತ್ತು. ನಿಂಗೆ ಹೇಳಿದ್ರೆ ನನ್ನಾಣೆ ಅಂದಿದ್ದೆ. ಅವನನ್ನ ಬೈಬೇಡ."

'ಇಲ್ಲೇ ಇರು' ಎಂದು ಅವನು ಬೇಡಿದ್ದು ತನಗಾಗಿ ಅಲ್ಲ, ಅಪ್ಪನ ಕಣ್ಣಿಗಾಗಿ! ಅವಳು ಅಪ್ಪನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟು ಅತ್ತರೂ ಹೋದ ಕಣ್ಣು ಬರುವುದಿಲ್ಲವಲ್ಲ...

ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರ ತಿರುಗುತ್ತಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಮೌನಿ ಅದನ್ನು ನಿಲ್ಲಿಸಿದ. ಸೊರಗಿದ್ದ. ಐದು ತಿಂಗಳಿಂದ ಅಪ್ಪನ ಪಾಲಿನ ಕೆಲಸವನ್ನೂ ಅವನೇ ಮಾಡುತ್ತಿದ್ದ.

"ಮುಂದಿನ ಶುಲ್ಕ ಕಟ್ಟಲ್ಲ," ಎಂದಳು. "ಅದು ಅಪ್ಪನ ಇನ್ನೊಂದು ಕಣ್ಣಿಗೆ. ಇಲ್ಲಿನ ವಿದ್ಯಾರ್ಥಿವೇತನದ ಪರೀಕ್ಷೆ ಮತ್ತೆ ಬರೀತೀನಿ."

"ಸಿಗದಿದ್ರೆ?"

"ಗಾಜು ಉಜ್ಜೋದು ಕಲಿಸು. ದುಡೀತಾ ಓದ್ತೀನಿ." ಅವಳು ಬಾಗಿಲ ಚೌಕಟ್ಟಿಗೆ ಕೈಯಿಟ್ಟಳು. "ಅವತ್ತು ನಾನಾಡಿದ ಮಾತು... ಸಿಟ್ಟಿದೆಯಾ?"

"ಇತ್ತು. ತುಂಬಾ. ಯಾರಾದ್ರೂ ನಿನ್ನ ಸುದ್ದಿ ಎತ್ತಿದ್ರೆ ಎದ್ದು ಹೋಗ್ತಿದ್ದೆ." ಅವನ ಕಣ್ಣು ತುಂಬಿತು. "ಹೊರಗೆ ಹೋಗಿ ನಿಂತ್ರೂ ನಿಂದೇ ನೆನಪು. ಪ್ರೀತಿ ಬಿಡೋಕೆ ನನ್ನಿಂದ ಆಗ್ಲಿಲ್ಲ, ಪುಟ್ಟಿ."

"ನನ್ನಿಂದಲೂ ಆಗ್ಲಿಲ್ಲ ಕಣೋ..."

ಅವನು ಮುಖ ಒರೆಸಿಕೊಂಡ. "ಈಗ ನೀನೇ ಬಂದಿದೀಯ. ಎದ್ದು ಹೋಗೋಣ ಅಂದ್ರೆ ಬಾಗಿಲಿಗೆ ಅಡ್ಡ ನಿಂತಿದೀಯಲ್ಲ!"

"ದಾರಿ ಬಿಡಲ್ಲ."

"ಬಿಡ್ಬೇಡ," ಎಂದ ಮೌನಿ.