ಎಲ್ಡನ್‌ಗೆ ಕೊಟ್ಟ ಮಾತು

ಕೆಂಪು ಪೆನ್ನಿನಿಂದ ಆ ಮೂರು ಪದಗಳ ಮೇಲೆ ಗೀಟು ಎಳೆಯುವಾಗ ಅಂಬುಜಮ್ಮ ಸ್ವಲ್ಪವೂ ಹಿಂಜರಿಯಲಿಲ್ಲ. ನಲವತ್ತೊಂದು ವರ್ಷ ಸಂಸಾರ ಮಾಡಿದ ಗಂಡ, ನಾಡಿದ್ದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಇದೇ ಮನೆಯ ಉಗ್ರಾಣದಲ್ಲಿ ನಿಂತುಕೊಂಡು, ಪ್ರೇಮಲೀಲಾ ಎಂಬ ಹೆಂಗಸಿಗೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಹೇಳಬೇಕಾಗಿತ್ತು. ಆ ಮಾತನ್ನು ಚೆಂದದ ಕನ್ನಡದಲ್ಲಿ ಬರೆದುಕೊಡಬೇಕಾದವರು ಅಂಬುಜಮ್ಮನೇ... ಇಂಥ ಪರೀಕ್ಷೆ ಯಾವ ಹೆಂಡತಿಗಾದರೂ ಬಂದಿದೆಯೇ? ಗೀಟು ಎಳೆದ ಜಾಗದಲ್ಲಿ ಬೇರೆ ಏನಾದರೂ ಬರೆಯಲೇಬೇಕಿತ್ತು. ಪೆನ್ನಿನ ತುದಿಯನ್ನು ಹಲ್ಲಿನಿಂದ ಕಚ್ಚಿಕೊಂಡು ಬಹಳ ಹೊತ್ತು ಕುಳಿತ ಅವರಿಗೆ, ಜಗತ್ತಿನಲ್ಲೇ ಅತ್ಯಂತ ಸಪ್ಪೆಯಾದ, ಯಾವ ಹೆಂಗಸಿನ ಎದೆಯೂ ಝಲ್ಲೆನ್ನದಂಥ ಮಾತೊಂದು ಹೊಳೆಯಿತು. ‘ಊಟ ಆಯ್ತಾ?’ ಎಂದು ಬರೆದರು. ಬರೆದು, ಕನ್ನಡಕ ತೆಗೆದಿಟ್ಟು, ನಾಲ್ಕು ದಿನಗಳಲ್ಲಿ ಮೊದಲ ಸಲ ನೆಮ್ಮದಿಯಾಗಿ ಕಾಫಿ ಕುಡಿದರು.

ಸಂಗತಿ ಏನೆಂದರೆ, ಅಂಬುಜಮ್ಮನ ಯಜಮಾನರು ಅಶ್ವತ್ಥರಾಯರು ಗೋಕುಲಂ ಬಡಾವಣೆಯ ತಮ್ಮ ಮನೆಯಲ್ಲಿದ್ದುಕೊಂಡೇ ಅಮೆರಿಕದ ಸಿನಿಮಾ ನಟನೊಬ್ಬನಿಗೆ ಕನ್ನಡದ ದನಿ ಕೊಡುತ್ತಿದ್ದರು. ಸರ್ಕಾರಿ ಕಚೇರಿಯ ಕೆಲಸ ಮಾಡಿಕೊಂಡು ಮೂವತ್ತು ವರ್ಷ ಹವ್ಯಾಸಿ ನಾಟಕಗಳಲ್ಲಿ ಬಣ್ಣ ಹಚ್ಚಿದವರು ರಾಯರು. ದನಿ ಅಂದರೆ ದನಿ. ದೇವಸ್ಥಾನದ ಗಂಟೆ ನಿಂತ ಮೇಲೂ ಉಳಿಯುವಂಥ ಗುಂಯ್‌ಗುಡುವ ದನಿ. ಆರು ವರ್ಷದ ಹಿಂದೆ ಬೆಂಗಳೂರಿನ ಡಬ್ಬಿಂಗ್ ಕಂಪನಿಯ ಸಂಜಯ್ ಎಂಬ ಹುಡುಗ ಈ ದನಿಯನ್ನು ಎಲ್ಲಿಂದಲೋ ಕೇಳಿ, ಎಲ್ಡನ್ ಮ್ಯಾಕ್‌ರೇ ಎಂಬ ನಟನ ಚಿತ್ರವೊಂದನ್ನು ಕಳಿಸಿಕೊಟ್ಟ. ಉಗ್ರಾಣದಿಂದ ಅಕ್ಕಿಯ ಡ್ರಮ್ಮು ಹೊರಗೆ ಬಂತು, ಸದ್ದು ತಡೆಯಲು ಗೋಡೆಗೆಲ್ಲ ಹಳೆಯ ರಜಾಯಿಗಳು ನೇತಾಡಿದವು, ಮಧ್ಯದಲ್ಲಿ ಮೈಕು ನಿಂತಿತು. ಕಂಪನಿ ಕಳಿಸಿದ ಸಂಭಾಷಣೆಯ ಕನ್ನಡವೋ, ಕಲ್ಲು ಸಿಕ್ಕ ಅನ್ನದ ಹಾಗಿತ್ತು. ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿ ನಿವೃತ್ತರಾಗಿದ್ದ ಅಂಬುಜಮ್ಮ ಅದನ್ನು ತಿದ್ದಿದರು. ಅಂದಿನಿಂದ ಎಲ್ಡನ್‌ನ ದನಿ ರಾಯರದು, ಮಾತು ಅಂಬುಜಮ್ಮನದು ಎಂದಾಯಿತು. ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುವುದನ್ನೂ ಅವರೇ ಕಲಿತರು.

ಮೊದಮೊದಲು ಅದು ಸುಖವಾಗಿಯೇ ಇತ್ತು. ಆಮೇಲೆ ರಾಯರಿಗೆ ಎಲ್ಡನ್‌ನ ಹುಚ್ಚು ಹಿಡಿಯಿತು. ಅವನು ಹುಟ್ಟಿದ್ದು ನೆಬ್ರಾಸ್ಕಾದ ಯಾವುದೋ ಸಣ್ಣ ಊರಿನಲ್ಲಿ, ಅಪ್ಪ ಕ್ಷೌರಿಕ. ಇಪ್ಪತ್ತೊಂದನೇ ವಯಸ್ಸಿಗೆ ಬಸ್ಸು ಹತ್ತಿ ಲಾಸ್ ಏಂಜಲೀಸಿಗೆ ಬಂದವನಿಗೆ ಆರು ವರ್ಷ ಒಂದೇ ಒಂದು ಮಾತಿನ ಪಾತ್ರವೂ ಸಿಗಲಿಲ್ಲ. ಕುದುರೆಯಿಂದ ಬೀಳುವುದು, ಗುಂಡೇಟು ತಿಂದು ಸಾಯುವುದು, ಇಷ್ಟೇ ಕೆಲಸ. ಮಾತಿಲ್ಲದ ಆ ಆರು ವರ್ಷದಲ್ಲಿ ಅವನು ಎದುರಿನವರ ಮಾತು ಕೇಳಿಸಿಕೊಳ್ಳುವುದನ್ನು ಕಲಿತ. ಅವನು ದೊಡ್ಡ ನಟನಾದದ್ದೇ ಅದರಿಂದ ಎಂದು ರಾಯರ ವಾದ. ಆಮೇಲೆ ಖಳನಾದ, ಪತ್ತೇದಾರನಾದ, ಅರವತ್ತಾದ ಮೇಲೆ ಅಪ್ಪನ ಪಾತ್ರಕ್ಕೆ ದೊಡ್ಡ ಪ್ರಶಸ್ತಿ ಬಂತು. ಮೂರು ಮದುವೆ. ಬಿಟ್ಟುಹೋದ ಮೊದಲ ಹೆಂಡತಿಗೆ ಎಪ್ಪತ್ತರ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದಾಗ, ಅವಳ ಪಕ್ಕದ ಮನೆಯನ್ನೇ ಬಾಡಿಗೆಗೆ ಹಿಡಿದು ನೋಡಿಕೊಂಡವನು ಇವನೇ ಅಂತೆ. ಬೆಳಿಗ್ಗೆ ಎರಡು ಮೊಟ್ಟೆ, ಒಂದು ಕಿತ್ತಳೆ ತಿಂದರೆ ಮತ್ತೆ ಅವನು ಬಾಯಿಗೆ ಏನಾದರೂ ಹಾಕುವುದು ಎರಡು ಗಂಟೆಗೆ. ಎಡ ಮಂಡಿ ನೋವು, ಇರುಳು ನಿದ್ದೆ ಕಡಿಮೆ. ಮೊಟ್ಟೆ ಮುಟ್ಟದ ಮನೆಯಲ್ಲಿ ಕುಳಿತು ರಾಯರು ಇದನ್ನೆಲ್ಲ ಸ್ವಂತ ಅಣ್ಣನ ವಿಷಯದಂತೆ ಹೇಳುತ್ತಿದ್ದರು. ಅಂಬುಜಮ್ಮನಿಗೆ ಅರವತ್ತಾರು ತುಂಬಿದ ದಿನ ಅವರಿಗೆ ನೆನಪಾಗಲಿಲ್ಲ. ಎಲ್ಡನ್‌ನಿಗೆ ಎಂಬತ್ತಮೂರು ತುಂಬಿದ ದಿನ ಪಾಯಸ ಮಾಡು ಎಂದರು. ಅಂಬುಜಮ್ಮ ಮಾಡಿದರು. ಮಾಡುವಾಗ ಹೊಟ್ಟೆಯೊಳಗೆ ಏನೋ ಉರಿಯಿತು.

ಆದರೂ ಎಲ್ಡನ್ ಏಳು ಸಮುದ್ರದಾಚೆಯ ಮುದುಕ, ಅವನ ಮೇಲೆ ಎಷ್ಟೆಂದು ಹೊಟ್ಟೆಕಿಚ್ಚು ಪಡುವುದು? ಕಿಚ್ಚಿಗೆ ತುಪ್ಪ ಬಿದ್ದದ್ದು ಅವನ ಕೊನೆಯ ಚಿತ್ರ ಬಂದಾಗ. ಇನ್ನು ನಟಿಸುವುದಿಲ್ಲ ಎಂದು ಹೇಳಿ ಅವನು ಮಾಡಿದ ಚಿತ್ರ ಅದು. ಒಬ್ಬ ಮುದಿ ಬಡಗಿ, ಹಾಸಿಗೆ ಹಿಡಿದ ಅವನ ಹೆಂಡತಿ, ಇಬ್ಬರದೇ ಕಥೆ. ಹೆಂಡತಿಯ ದನಿಗೆ ಸಂಜಯ್ ಆರಿಸಿದ್ದು ಪ್ರೇಮಲೀಲಾ ಅವರನ್ನು. ಹೂಟಗಳ್ಳಿಯಲ್ಲಿ ಮನೆ, ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು, ಮದುವೆಯಾಗಲಿಲ್ಲ. ಹನ್ನೊಂದು ನಾಟಕಗಳಲ್ಲಿ ರಾಯರ ಹೆಂಡತಿಯಾಗಿದ್ದವರು! ಮದುವೆಯಾದ ಹೊಸದರಲ್ಲಿ ಒಂದೇ ಒಂದು ನಾಟಕ ನೋಡಿದ್ದ ಅಂಬುಜಮ್ಮ, ರಾಯರು ಆಕೆಯ ಕೈ ಹಿಡಿದು ‘ಹೃದಯೇಶ್ವರಿ’ ಎಂದಾಗ ಎದ್ದು ಮನೆಗೆ ಬಂದಿದ್ದರು. ಮತ್ತೆ ನಾಟಕದ ಕಡೆ ತಲೆ ಹಾಕಿರಲಿಲ್ಲ. ಡಬ್ಬಿಂಗ್‌ನಲ್ಲಿ ಒಬ್ಬೊಬ್ಬರೇ ಬಂದು ಮಾತಾಡಿ ಹೋಗುವುದು ರೂಢಿ. ರಾಯರು ಒಪ್ಪಲಿಲ್ಲ. “ಗೋಡೆಗೆ ಹೇಳಕ್ಕಾಗಲ್ಲ ಕಣೇ, ಎದುರಿಗೆ ಆಕೆ ಇರಬೇಕು” ಎಂದರು. ಆಕೆ ಇರಬೇಕು... ಈ ಮಾತು ಅಂಬುಜಮ್ಮನ ಗಂಟಲಲ್ಲಿ ಮುಳ್ಳಿನಂತೆ ನಿಂತಿತು.

ಗುರುವಾರ ಬಂತು. ರೆಕಾರ್ಡಿಂಗ್ ದಿನ ಮನೆಯಲ್ಲಿ ಕುಕ್ಕರ್ ಕೂಗುವಂತಿಲ್ಲ, ಮಿಕ್ಸಿ ತಿರುಗುವಂತಿಲ್ಲ. ಅಂಬುಜಮ್ಮ ಬೆಳಿಗ್ಗೆಯೇ ಅಡುಗೆ ಮುಗಿಸಿ, ಹತ್ತೂವರೆಗೆ ರಾಯರಿಗೆ ಬಡಿಸಿದರು. ಪ್ರೇಮಲೀಲಾ ಬಂದರು, ತೆಳ್ಳಗೆ, ಬೆಳ್ಳಗಿನ ಕೂದಲು, ನೀಲಿ ಹತ್ತಿ ಸೀರೆ. ಇಬ್ಬರೂ ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡಾಗ ಅಂಬುಜಮ್ಮ ಹೊರಗೆ ಊಟದ ಮೇಜಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕುಳಿತರು.

“ಅಂಬುಜಾ, ಇಲ್ಲಿ ಊಟ ಆಯ್ತಾ ಅಂತ ಬರೆದಿದೀಯಲ್ಲ?” ರಾಯರ ದನಿ ಕಿವಿಯೊಳಗೆ ಕೇಳಿತು.

“ಹೌದು. ಅವನ ಮುಖ ಕಿಟಕಿ ಕಡೆ ಇದೆ, ತುಟಿ ಕಾಣಲ್ಲ. ಸರಿಹೋಗುತ್ತೆ.”

“ಸರಿ ಬಿಡು.” ಕನ್ನಡದ ವಿಷಯದಲ್ಲಿ ರಾಯರು ಹೆಂಡತಿಯೊಡನೆ ಎಂದೂ ವಾದ ಮಾಡಿದವರಲ್ಲ.

ತೆರೆಯ ಮೇಲೆ ಎಲ್ಡನ್ ಹಾಸಿಗೆಯ ಪಕ್ಕ ಕುಳಿತಿದ್ದ. ರಾಯರು ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ, ‘ಊಟ... ಆಯ್ತಾ?’

ಅಷ್ಟೇ. ಎರಡೇ ಪದ. ಆದರೆ ಅದರೊಳಗೆ ಐವತ್ತು ವರ್ಷದ ದಾಂಪತ್ಯವಿತ್ತು, ತಪ್ಪೊಪ್ಪಿಗೆಯಿತ್ತು, ನೀನು ಹೋದರೆ ನಾನೇನು ಮಾಡಲಿ ಎಂಬ ಅಳುವಿತ್ತು. ಪ್ರಶ್ನೆ ಕೇಳಿದ ಎಲ್ಡನ್ ಸುಮ್ಮನೆ ಕಾಯುತ್ತ ಕುಳಿತ. ರಾಯರೂ ಉಸಿರು ಬಿಗಿಹಿಡಿದು ಕಾದರು. ಪ್ರೇಮಲೀಲಾ ಉತ್ತರ ಹೇಳಬೇಕಾದ ಜಾಗದಲ್ಲಿ ಬಿಕ್ಕಳಿಸಿದ ಸದ್ದು ಬಂತು. ಅಂಬುಜಮ್ಮ ಕುರ್ಚಿಯಿಂದ ಅರ್ಧ ಎದ್ದರು. ಅಯ್ಯೋ, ತಾನೇನು ಮಾಡಿಬಿಟ್ಟೆ... ಇಷ್ಟು ವರ್ಷದಲ್ಲಿ ಗಂಡ ತನಗೆಂದು ಆಡಿದ್ದು ಅದೊಂದೇ ಮಾತು. ದಿನಾ ಎರಡು ಹೊತ್ತು, ಕೈ ಒರೆಸಿಕೊಳ್ಳುತ್ತ, ಪೇಪರು ಹುಡುಕುತ್ತ ಆಡುತ್ತಿದ್ದ ಮಾತು. ಸವೆದ ನಾಣ್ಯ ಎಂದುಕೊಂಡು ಅದನ್ನು ತನ್ನ ಕೈಯಾರೆ ಎತ್ತಿ ಈ ಹೆಂಗಸಿನ ಮಡಿಲಿಗೆ ಹಾಕಿಬಿಟ್ಟೆನಲ್ಲ!

ಹೆಡ್‌ಫೋನ್ ಕಿತ್ತೆಸೆದು ಅಂಬುಜಮ್ಮ ಉಗ್ರಾಣದ ಬಾಗಿಲು ತೆರೆದರು.

“ಇದನ್ನ ಅಳಿಸ್ತೀನಿ” ಎಂದರು.

ರಾಯರು ಬೆಪ್ಪಾದರು. “ಯಾಕೆ? ಒಂದೇ ಟೇಕಿಗೆ ಎಷ್ಟು ಚೆನ್ನಾಗಿ ಬಂತು. ಪ್ರೇಮಲೀಲಾಗೆ ಕಣ್ಣಲ್ಲಿ ನೀರೇ ಬಂದ್ಬಿಡ್ತು ನೋಡು.”

“ಅದಕ್ಕೇ ಅಳಿಸ್ತೀನಿ. ಅದು ನನ್ನ ಮಾತು ಕಣ್ರೀ.”

“ನೀನೇ ತಾನೆ ಬರೆದುಕೊಟ್ಟಿದ್ದು?”

“ತಪ್ಪು ಮಾಡ್ಬಿಟ್ಟೆ. ನಲವತ್ತೊಂದು ವರ್ಷದಿಂದ ನನ್ನನ್ನ ಕೇಳ್ತಿದೀರ. ಇವತ್ತು ಕೇಳಿದ ಹಾಗೆ ಒಂದಿನ ಕೇಳಿದೀರಾ? ಇವರನ್ನ ಕೇಳಿ, ಉತ್ತರ ಬರೋ ತನಕ ನಿಂತ್ಕೊಂಡ್ರಲ್ಲ...”

“ಅದು ನಾನಲ್ಲ ಕಣೇ, ಎಲ್ಡನ್. ಅವನು ಕಾಯ್ತಾನೆ.”

“ಹೌದು, ಅವನು ಕಾಯ್ತಾನೆ. ನೀವು ಕೇಳ್ಬಿಟ್ಟು ಹೋಗ್ಬಿಡ್ತೀರ.”

ಪ್ರೇಮಲೀಲಾ ಸೆರಗಿನಿಂದ ಮುಖ ಒರೆಸಿಕೊಂಡು, ಮೈಕಿನ ಪಕ್ಕದ ಸ್ಟೂಲಿನ ಮೇಲೆ ನಿಧಾನವಾಗಿ ಕುಳಿತರು.

“ಅಂಬುಜಮ್ಮ, ನಾನು ಅತ್ತಿದ್ದು ಆಕ್ಟಿಂಗ್ ಅಲ್ಲ” ಎಂದರು. “ಹನ್ನೊಂದು ನಾಟಕದಲ್ಲಿ ಇವರು ನನಗೆ ಪ್ರಾಣೇಶ್ವರಿ, ಹೃದಯೇಶ್ವರಿ ಎಲ್ಲಾ ಅಂದ್ಬುಟ್ಟಿದಾರೆ. ಅದು ಬಣ್ಣದ ಜೊತೆ ಒರೆಸಿದ್ರೆ ಹೋಗೋದು. ನಾಟಕ ಮುಗೀತಿದ್ದಂಗೇ ಸ್ಕೂಟರ್ ಒದ್ದು ಸ್ಟಾರ್ಟ್ ಮಾಡೋರು, ‘ಅಂಬುಜಾ ಊಟ ಮಾಡದೆ ಕೂತಿರ್ತಾಳೆ’ ಅಂತ. ನಾನು ಹೋಟ್ಲಲ್ಲಿ ಎರಡು ಇಡ್ಲಿ ತಿಂದು ರೂಮಿಗೆ ಹೋಗೋಳು. ನಿಮ್ಮನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯೋದು ಕಣಮ್ಮ ನನಗೆ. ಅರವತ್ನಾಲ್ಕು ವರ್ಷದಲ್ಲಿ, ನಮ್ಮವ್ವ ಸತ್ತ ಮೇಲೆ, ಊಟ ಆಯ್ತಾ ಅಂತ ನನ್ನ ಮನಸಾರೆ ಕೇಳಿದ್ದು ಇವತ್ತೊಂದೇ ಸಲ. ಅದೂ ಯಾರೋ ಅಮೆರಿಕದೋನ ಬಾಯಲ್ಲಿ.”

ಇದನ್ನು ಕೇಳಿ ಅಂಬುಜಮ್ಮನ ಮನಸ್ಸು ಕರಗಿ ನೀರಾಯಿತು ಎಂದು ಬರೆದರೆ ಸುಳ್ಳಾದೀತು. ಕರುಣೆ ಬಂದದ್ದು ನಿಜ. ಆದರೆ ಕರುಣೆಯ ಪಕ್ಕದಲ್ಲೇ ಕಿಚ್ಚು ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತೇ ಇತ್ತು. ತನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟವರೊಬ್ಬರು ಇದ್ದರೆಂದು ತಿಳಿದು ಅವರಿಗೆ ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಪ್ರೇಮಲೀಲಾ ಕೈಲಿದ್ದ ಸಂಭಾಷಣೆಯ ಹಾಳೆಯನ್ನು ತೆಗೆದುಕೊಂಡು, ತಾವೇ ಬರೆದ ಎರಡು ಪದಗಳ ಮೇಲೆ ಗೀಟು ಎಳೆದರು. ಪಕ್ಕದಲ್ಲಿ ಬರೆದರು: ‘ನಾನು ನಿನ್ನನ್ನು ಪ್ರೀತಿಸುತ್ತೇನೆ.’

“ಇದನ್ನ ಇವರಿಗೆ ಹೇಳಿ” ಎಂದು ಗಂಡನ ಕಡೆ ಹಾಳೆ ನೀಡಿದರು. “ಎಷ್ಟು ಚೆನ್ನಾಗಿ ಬೇಕಾದ್ರೂ ಹೇಳಿ, ಬೇಡ ಅನ್ನಲ್ಲ. ಆ ಇನ್ನೊಂದು ಮಾತು ನನಗೆ ವಾಪಸ್ ಬೇಕು.”

ರಾಯರು ಪ್ರೇಮಲೀಲಾ ಕಡೆ ನೋಡಿದರು. ಅವ್ವ ಸತ್ತ ಮೇಲೆ ಆ ಮಾತು ಆಕೆಗೆ ಸಿಕ್ಕಿದ್ದು ಒಂದೇ ಸಲ, ಅದೂ ಈಗ ಅಳಿಸಿಹೋಗುತ್ತದೆ. ಆಕೆ ತುಟಿ ಕಚ್ಚಿಕೊಂಡು ತಲೆಯಾಡಿಸಿದರು.

“ತಗೊಳ್ಳಿ ಅಂಬುಜಮ್ಮ. ನಿಮ್ದೇ ಅದು. ಕೊಟ್ಬುಟ್ಟೆ ಬುಡಿ.”

ಮತ್ತೆ ಬಾಗಿಲು ಮುಚ್ಚಿತು. ಅಂಬುಜಮ್ಮ ಹೆಡ್‌ಫೋನ್ ಹಾಕಿಕೊಂಡರು. ರಾಯರು ಆ ಮೂರು ಪದಗಳನ್ನು ಹೇಳಿದರು. ಚೆನ್ನಾಗಿಯೇ ಹೇಳಿದರು, ಕಲಾವಿದ ತಾನೆ. ಎದೆಯಲ್ಲಿ ಸೂಜಿ ಆಡಿದಂತಾದರೂ ಅಂಬುಜಮ್ಮ ಕೊನೆಯವರೆಗೂ ಕೇಳಿದರು, ಮೊದಲಿನದನ್ನು ಅಳಿಸಿದರು, ಇದನ್ನು ಉಳಿಸಿ ಸಂಜಯ್‌ಗೆ ಕಳಿಸಿದರು. ಪ್ರೇಮಲೀಲಾ ಹೊರಟಾಗ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೇಟಿನ ಹತ್ತಿರ ಅಂಬುಜಮ್ಮ, “ಭಾನುವಾರ ಊಟಕ್ಕೆ ಬನ್ನಿ” ಎಂದರು. ಬಾಯಿಂದ ಅದು ಹೇಗೆ ಬಂತೋ ಅವರಿಗೇ ಗೊತ್ತಿಲ್ಲ. “ಬರ್ತೀನಿ” ಎಂದು ಆಕೆ ಆಟೋ ಹತ್ತಿದರು.

ಗಂಟೆ ಎರಡಾಗಿತ್ತು. ಅಂಬುಜಮ್ಮ ಒಳಗೆ ಬಂದು, ತಣ್ಣಗಾಗಿದ್ದ ಸಾರನ್ನು ಒಲೆಯ ಮೇಲಿಟ್ಟರು. ಹಿಂದೆ ಹೆಜ್ಜೆ ಸಪ್ಪಳವಾಯಿತು. ರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ಊಟ ಆಯ್ತಾ?” ಎಂದರು.

ಅಂಬುಜಮ್ಮ ತಿರುಗಲಿಲ್ಲ. “ನನ್ನ ಮುಂದೆ ಎಲ್ಡನ್ ಥರ ಆಡ್ಬೇಡಿ. ಅವನ ದನಿ ನನಗೆ ಗೊತ್ತಾಗುತ್ತೆ.”

“ಆಡ್ತಿಲ್ಲ ಕಣೇ.” ರಾಯರ ದನಿಯಲ್ಲಿ ಗುಂಯ್‌ಗುಡುವುದು ಏನೂ ಉಳಿದಿರಲಿಲ್ಲ, ಮುದುಕನೊಬ್ಬನ ಒಣಗಿದ ಗಂಟಲು, ಅಷ್ಟೇ. “ಈಗ ಅಲ್ಲಿ ಕೂತು ಯೋಚನೆ ಮಾಡ್ದೆ. ಹತ್ತೂವರೆಗೆ ನನಗೆ ಬಡಿಸ್ತೀಯ. ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂರ್ತೀಯ. ನೀನು ಊಟ ಮಾಡೋದು ಎಷ್ಟು ಹೊತ್ತಿಗೆ ಅಂತ... ನನಗೆ ಗೊತ್ತಿಲ್ಲ ಅಂಬುಜಾ. ನಿಜವಾಗ್ಲೂ ಗೊತ್ತಿಲ್ಲ. ಅದಕ್ಕೆ ಕೇಳ್ತಿದೀನಿ.”

ಸಾರು ಕುದಿಯತೊಡಗಿತು. ಅಂಬುಜಮ್ಮ ಒಲೆ ಆರಿಸಿದರು. ಇಷ್ಟು ವರ್ಷ ಆ ಪ್ರಶ್ನೆಗೆ ‘ಹ್ಞೂಂ, ಆಯ್ತು’ ಎಂದೇ ಹೇಳಿ ರೂಢಿ. ಆಗಿದ್ದರೂ ಅದೇ, ಆಗದಿದ್ದರೂ ಅದೇ. ಆ ಉತ್ತರ ನಾಲಿಗೆಯ ತುದಿಯವರೆಗೂ ಬಂತು. ಬಾಗಿಲಲ್ಲಿ ನಿಂತವರು ಇನ್ನೂ ನಿಂತೇ ಇದ್ದರು.

“ಇಲ್ಲ ಕಣ್ರೀ” ಎಂದರು ಅಂಬುಜಮ್ಮ. “ಇನ್ನೂ ಆಗಿಲ್ಲ.”